ನಿಮ್ಮ ಪಟ್ಟಿಯ ಗುಡ್ಲು, ನಮ್ಮ ಮನೆಯ ಬಾಣಂತಿ

ಸಾಂಸ್ಕೃತಿಕ ವೈವಿಧ್ಯ ಸಂರಕ್ಷಣಾ ಕೋಶದ ಮಾನ್ಯ ನಿರ್ದೇಶಕರೇ,

ಆರು ದೇಶಗಳು ಕೈಜೋಡಿಸಿ ತಯಾರಿಸಿದ, ತಾವು ಸಹಿ ಹಾಕಿ ಹೊರತಂದ ಜೀವಂತ ಆಚರಣೆಗಳ ಪಟ್ಟಿಯಲ್ಲಿ ಹದಿನಾಲ್ಕನೆಯದಾಗಿ ನಮ್ಮ ಹಟ್ಟಿಯ ಬಾಣಂತಿ ಗುಡ್ಲು ಇದೆ. ಅದನ್ನು ಆ ಪಟ್ಟಿಯಿಂದ ತೆಗೆಯಬೇಕು. ಬೇಗ ತೆಗೆಯಬೇಕು. ನನ್ನ ಮೊಮ್ಮಗನ ಹೆಂಡತಿ ಕೀರ್ತನಾಳಿಗೆ ದಿನ ತುಂಬಲು ಇನ್ನು ಮೂರೇ ವಾರ ಇದೆ. ಹಸಿ ಬಾಣಂತಿಯನ್ನೂ ಕೂಸನ್ನೂ ಹಟ್ಟಿಯ ಹೊರಗಿನ ಆ ಗುಡಿಸಲಲ್ಲಿ ಇಪ್ಪತ್ತೊಂದು ದಿನ ಇರಿಸಬೇಕೆಂದು ನಮ್ಮ ಗಂಡಸರು ಆ ಪಟ್ಟಿಯನ್ನೇ ಎದುರಿಗಿಟ್ಟುಕೊಂಡು ತೀರ್ಮಾನಿಸಿದ್ದಾರೆ.

ಇದೇ ಮಾತನ್ನು ತಮಗೆ ಮೂರು ಸಲ ಅಂಚೆಯಲ್ಲಿ ಬರೆದೆ. ಮೊದಲ ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ, ಸಂಸ್ಕೃತಿಯ ಬಗ್ಗೆ ನಾನು ತೋರಿದ ಆಸಕ್ತಿಗೆ ಧನ್ಯವಾದ ಹೇಳುವ ಅಚ್ಚಾದ ಕಾಗದವೊಂದು ಬಂತು. ಕೆಳಗೆ ತಮ್ಮ ಸಹಿಯ ಮುದ್ರೆ ಇತ್ತು. ಆ ಧನ್ಯವಾದವನ್ನು ಸ್ವೀಕರಿಸಿದ್ದೇನೆ. ಈಗ ಪತ್ರಿಕೆಗೆ ಬರೆಯುತ್ತಿದ್ದೇನೆ. ನಾಲ್ಕು ಜನರ ಎದುರು ಕೇಳಿದ ಪ್ರಶ್ನೆಗಾದರೂ ಮುದ್ರೆಯ ಬದಲು ಮನುಷ್ಯರು ಉತ್ತರ ಕೊಟ್ಟಾರು ಎಂಬ ಆಸೆ.

ನಾನು ಯಾರೆಂದು ತಮಗೆ ಗೊತ್ತಿರಬೇಕು. ತಮ್ಮ ಪುಸ್ತಕದ ಅರವತ್ತೊಂದನೇ ಪುಟದಲ್ಲಿ ಕಂಬಳಿ ಹೊದ್ದು, ಕ್ಯಾಮೆರಾ ಕಡೆ ನೋಡದೆ ನಿಂತ ಮುದುಕಿ ನಾನೇ. 'ಪರಂಪರೆಯ ಹಿರಿಯ ವಾರಸುದಾರಳು' ಎಂದು ಕೆಳಗೆ ಬರೆದಿದ್ದೀರಿ. ಹೆಸರು ಬರೆದಿಲ್ಲ. ಹಿರಿಯೂರು ತಾಲ್ಲೂಕು ಧರ್ಮಪುರ ಹೋಬಳಿ ಸೂಜಿಕಲ್ಲಹಟ್ಟಿಯ ಚಿತ್ತಮ್ಮ ನನ್ನ ಹೆಸರು. ವಯಸ್ಸು ಎಪ್ಪತ್ತಕ್ಕೆ ಎರಡು ಕಡಿಮೆ. ನಮ್ಮ ಹಟ್ಟಿಯಲ್ಲಿ ಹತ್ತನೇ ತರಗತಿ ಪಾಸು ಮಾಡಿದ ಮೊದಲ ಹೆಣ್ಣು. ಮನೆಯಲ್ಲಿ ನೂರೆಂಬತ್ತು ಕುರಿಗಳಿವೆ. ಯಾವ ಮರಿ ಯಾವ ತಾಯಿಯದು ಎಂದು ಈಗಲೂ ದೂರದಿಂದಲೇ ಹೇಳಬಲ್ಲೆ. ಗಂಡ ತೀರಿಕೊಂಡು ಹನ್ನೊಂದು ವರ್ಷ. ಮನೆಯಲ್ಲಿ ನನ್ನ ಮಾತು ನಡೆಯುತ್ತದೆ. ನಡೆಯುತ್ತಿತ್ತು ಎಂದು ಬರೆಯಬೇಕೋ ಏನೋ, ಇನ್ನೂ ತೀರ್ಮಾನಿಸಿಲ್ಲ.

ಹೊರಗಿನ ಓದುಗರಿಗಾಗಿ ಗುಡ್ಲಿನ ವಿಷಯ ಹೇಳಬೇಕು. ನಮ್ಮಲ್ಲಿ ಹಿಂದೆ ಹೆರುವ ಹೆಂಗಸು, ಹೆತ್ತ ಹೆಂಗಸು ಹಟ್ಟಿಯೊಳಗೆ ಇರುವಂತಿರಲಿಲ್ಲ. ದೇವರಿಗೆ ಮೈಲಿಗೆ. ಹಟ್ಟಿಯ ಮುಳ್ಳುಬೇಲಿಯ ಆಚೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಕಡ್ಡಿ, ಹುಲ್ಲು, ಸೊಪ್ಪಿನಿಂದ ಒಂದು ಪುಟ್ಟ ಗುಡಿಸಲು ಕಟ್ಟುತ್ತಿದ್ದರು. ತಾಯಿ, ಕೂಸು ಇಪ್ಪತ್ತೊಂದು ದಿನ ಅಲ್ಲೇ. ಅವರನ್ನು ಯಾರೂ ಮುಟ್ಟುವಂತಿಲ್ಲ. ಊಟವನ್ನು ಹತ್ತು ಹೆಜ್ಜೆ ದೂರದಲ್ಲಿಟ್ಟು ಕೋಲಿನಿಂದ ತಳ್ಳಬೇಕು. ಇಪ್ಪತ್ತೊಂದನೇ ದಿನ ಅವಳು ಕೂಸನ್ನೆತ್ತಿಕೊಂಡು ಹೊರಬಂದು, ತನ್ನ ಕೈಯಾರೆ ಆ ಗುಡ್ಲಿಗೆ ಬೆಂಕಿ ಇಟ್ಟು ಹಟ್ಟಿಯೊಳಗೆ ಬರಬೇಕು. ಒಂದು ಗುಡ್ಲಿಗೆ ಒಬ್ಬಳೇ. ಒಬ್ಬಳು ಒಳಗಿದ್ದಾಗ ಇನ್ನೊಬ್ಬಳು ಹೊಸಿಲು ದಾಟುವಂತಿಲ್ಲ. ಇನ್ನೊಂದು ಕಟ್ಟಳೆ ಇದೆ. ಕಟ್ಟಿದ ಗುಡ್ಲಿಗೆ ಯಾರೂ ಹೋಗಿ ಬರದೆ ಬೆಂಕಿ ಇಡುವಂತಿಲ್ಲ, ಕೀಳುವಂತಿಲ್ಲ. ಹಾಗೆ ಮಾಡಿದರೆ ಹಟ್ಟಿಯ ಮುಂದಿನ ಹೆರಿಗೆಗೆ ಕೇಡು ಎಂದು ನಂಬಿಕೆ. ಈ ಕಡೆಯ ಕಟ್ಟಳೆಯನ್ನು ಓದುಗರು ದಯವಿಟ್ಟು ನೆನಪಿಡಬೇಕು. ನಾನೀಗ ಸಿಕ್ಕಿಕೊಂಡಿರುವುದು ಅದರಲ್ಲೇ.

ನನ್ನ ಮೂರು ಮಕ್ಕಳನ್ನೂ ಅಂಥ ಗುಡ್ಲಿನಲ್ಲೇ ಹಡೆದೆ. ಅದಕ್ಕಾಗಿ ಯಾರ ಕನಿಕರವನ್ನೂ ಕೇಳುತ್ತಿಲ್ಲ. ಆಗ ಅದು ಸರಿಯೆಂದೇ ನಂಬಿದ್ದೆ. ಅತ್ತೆಯಾದ ಮೇಲೆ ನನ್ನ ಸೊಸೆ ಹೊನ್ನಕ್ಕನನ್ನೂ ಅದರೊಳಗೆ ಕಳಿಸಿದೆ. ಒಂದಲ್ಲ, ಎರಡು ಸಲ. ಮೊದಲ ಸಲ ದಯಾನಂದ ಹುಟ್ಟಿದ, ಉಳಿದ. ಎರಡನೇ ಸಲ ಆಷಾಢ. ನಮ್ಮ ಬಯಲಿನ ಆಷಾಢದ ಗಾಳಿ ಕಂಬಳಿಯೊಳಗೂ ನುಗ್ಗುತ್ತದೆ. ಒಂಬತ್ತನೇ ದಿನ ಬೆಳಿಗ್ಗೆ ಗಂಜಿ ತೆಗೆದುಕೊಂಡು ಹೋದೆ. ಹೊನ್ನಕ್ಕ ಬಾಗಿಲಲ್ಲಿ ಕೂತಿದ್ದಳು.

"ಅತ್ತೆ, ಕೂಸು ಮೊಲೇನ ಬಾಯಿಗೆ ತಗೊಳ್ತಿಲ್ಲ. ತಣ್ಣಗೈತೆ. ಒಂದ್ಸಲ ಮುಟ್ಟಿ ನೋಡ್ರಿ" ಎಂದಳು.

ಹತ್ತು ಹೆಜ್ಜೆಯ ಆಚೆ ನಿಂತು, "ಎದೆಗೆ ಅವುಚ್ಕಂಡು ಕುಂತ್ಕ. ಬೆಚ್ಚಗಾಗ್ತೈತೆ" ಎಂದು ಹೇಳಿ, ಗಂಜಿಯನ್ನು ಕೋಲಿನಿಂದ ತಳ್ಳಿ ಬಂದೆ. ಮಧ್ಯಾಹ್ನಕ್ಕೆ ಕೂಸು ಹೋಗಿತ್ತು. ಹೆಣ್ಣುಕೂಸು. ಹೆಸರಿಟ್ಟಿರಲಿಲ್ಲ.

ಅತ್ತು ಹೇಳುವ ಅಭ್ಯಾಸ ನನಗಿಲ್ಲ. ಹನ್ನೆರಡು ದಿನ ಕಳೆದು ಹೊನ್ನಕ್ಕ ಬರಿಗೈಯಲ್ಲಿ ಹೊರಬಂದು ಗುಡ್ಲಿಗೆ ಬೆಂಕಿ ಇಟ್ಟಳು. ಆ ದಿನವೇ ದೇವರ ಕಟ್ಟೆಯ ಮುಂದೆ ಎಲ್ಲರನ್ನೂ ಕೂರಿಸಿ, ಇನ್ನು ನಮ್ಮ ಮನೆಯ ಹೆಣ್ಣು ಗುಡ್ಲಿಗೆ ಹೋಗುವುದಿಲ್ಲ, ಮೈಲಿಗೆಯ ಪಾಪ ನನ್ನ ತಲೆಗಿರಲಿ ಎಂದೆ. ಎರಡು ವರ್ಷ ನಮ್ಮ ಮನೆಯ ನೀರು ಯಾರೂ ಮುಟ್ಟಲಿಲ್ಲ. ಆಮೇಲೆ ಪಕ್ಕದ ಮನೆಯ ರಂಗಕ್ಕ ತನ್ನ ಮಗಳ ಬಾಣಂತನ ಒಳಮನೆಯಲ್ಲೇ ಮಾಡಿದಳು. ಆಮೇಲೆ ಇನ್ನೊಬ್ಬರು. ಹೀಗೆ ನಿಂತು ಹೋಯಿತು. ಯಾವ ಸರ್ಕಾರವೂ ಬಂದು ನಿಲ್ಲಿಸಲಿಲ್ಲ. ಗುಡ್ಲು ಕಟ್ಟುತ್ತಿದ್ದವಳು ನಾನೇ, ನಾನು ಕೈಬಿಟ್ಟ ದಿನದಿಂದ ಇಪ್ಪತ್ನಾಲ್ಕು ವರ್ಷ ನಮ್ಮ ಹಟ್ಟಿಯಲ್ಲಿ ಒಂದು ಗುಡ್ಲೂ ಏಳಲಿಲ್ಲ.

ಕಳೆದ ಮಾಘದಲ್ಲಿ ತಮ್ಮವರು ಬಂದರು. ನಾಗಶ್ರೀ ಎಂಬ ಹುಡುಗಿ, ತಮ್ಮ ಯೋಜನೆಯ ಕ್ಷೇತ್ರಾಧಿಕಾರಿ. ಜೊತೆಗೆ ಹೊರದೇಶದ ಒಬ್ಬ ವಿದ್ವಾಂಸೆ, ಕ್ಯಾಮೆರಾದವರು. ಮೂರು ದಿನ ನಮ್ಮ ಹಾಡು ಕೇಳಿದರು, ಉಣ್ಣೆ ಕತ್ತರಿಸುವುದು ನೋಡಿದರು, ನಮ್ಮ ಮುದ್ದೆ ಉಂಡರು. ನನಗೆ ಸಂತೋಷವಾಯಿತು. ನಾಲ್ಕನೇ ದಿನ ನಾಗಶ್ರೀ ಹಳೆಯ ಗುಡ್ಲಿನ ಬಗ್ಗೆ ಕೇಳಿದಳು. ಹೇಳಿದೆ. ನಿಂತುಹೋಗಿದೆ, ಏಕೆ ನಿಂತಿತು ಎಂಬುದನ್ನೂ ಹೇಳಿದೆ. ಅವಳು ಎಲ್ಲವನ್ನೂ ಬರೆದುಕೊಂಡಳು.

"ಹೇಗೆ ಕಟ್ತಿದ್ರಿ ಅಂತ ಬಾಯಲ್ಲಿ ಹೇಳಿದ್ರೆ ನಮಗೆ ತಿಳಿಯಲ್ಲಮ್ಮ. ಒಂದ್ಸಲ ಕಟ್ಟಿ ತೋರಿಸ್ತೀರಾ?" ಎಂದಳು.

ಬೇಡ ಎನ್ನುವವಳಿದ್ದೆ. ಅಷ್ಟರಲ್ಲಿ ರಂಗಕ್ಕ, "ಈ ವಯಸ್ಸಿನಾಗೆ ಚಿತ್ತಮ್ಮ ಗುಡ್ಲು ಕಟ್ತಾಳಾ? ನಡು ಹಿಡ್ಕಂಡು ಕುಂತ್ಕಂತಾಳೆ ಅಷ್ಟೇ" ಎಂದು ನಕ್ಕಳು.

ನನ್ನ ತಪ್ಪು ಇಲ್ಲಿದೆ, ಮುಚ್ಚಿಡುವುದಿಲ್ಲ. ಸುತ್ತಿನ ಹಟ್ಟಿಗಳಲ್ಲಿ ನನ್ನಂತೆ ಗುಡ್ಲು ಕಟ್ಟುವವರು ಇರಲಿಲ್ಲ. ಬೇರೆ ಹಟ್ಟಿಯವರು ಬಂದು ಕರೆದುಕೊಂಡು ಹೋಗುತ್ತಿದ್ದರು. ಆ ಜಂಬ ಇಪ್ಪತ್ನಾಲ್ಕು ವರ್ಷ ಮಲಗಿತ್ತು, ಅಂದು ಎದ್ದಿತು. ಬೆಳಗಿನಿಂದ ಸಂಜೆಯವರೆಗೆ ಕೂತು ಕಟ್ಟಿದೆ. ಬಂದರೆ ಗಿಡದ ಕಡ್ಡಿ ಬಗ್ಗಿಸಿ ಕಮಾನು ಮಾಡಿ, ಕತ್ತಾಳೆ ನಾರಿನಿಂದ ಬಿಗಿದು, ಬಾದೆಹುಲ್ಲು ಹೊದಿಸಿ, ಮೇಲೆ ಹಸಿ ಸೊಪ್ಪು ಹೆಣೆದೆ. ಮುಗಿದ ಮೇಲೆ ಆರು ಕೊಡ ನೀರು ಸುರಿಸಿದೆ. ಒಳಗೆ ಒಂದು ಹನಿ ಬೀಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ವಿದ್ವಾಂಸೆ ಒಳಗೆ ಹೋಗಿ ನೋಡುತ್ತೇನೆಂದು ಬಗ್ಗಿದಳು. ನಾನು ಕೈ ಅಡ್ಡ ಹಿಡಿದೆ. ಹೋದರೆ ಇಪ್ಪತ್ತೊಂದು ದಿನ ಇರಬೇಕಾಗುತ್ತದೆ, ಬರುವಾಗ ಸುಟ್ಟು ಬರಬೇಕಾಗುತ್ತದೆ ಎಂದೆ. ನಾಗಶ್ರೀ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಎಲ್ಲರೂ ನಕ್ಕರು. ಆಕೆಯನ್ನು ಅಂದು ಒಳಗೆ ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ದಿನವೂ ಅಂದುಕೊಳ್ಳುತ್ತೇನೆ.

ಕೊನೆಗೆ ಒಪ್ಪಿಗೆ ಪತ್ರ ಬಂತು, ಇಂಗ್ಲಿಷಿನಲ್ಲಿ. ಹಟ್ಟಿಯ ಯಜಮಾನ ಹೆಬ್ಬೆಟ್ಟು ಒತ್ತಿದ, ಪೂಜಾರಿ ಒತ್ತಿದ. ನನಗೆ ಸಹಿ ಬರುತ್ತದೆಂದು ತೋರಿಸಲು ನಾನು ದುಂಡಗೆ ಸಹಿ ಹಾಕಿದೆ.

ವೈಶಾಖದಲ್ಲಿ ಪುಸ್ತಕ ಬಂತು. ಕೀರ್ತನಾ ಓದಿ ಹೇಳಿದಳು: 'ಇಂದಿಗೂ ಆಚರಣೆಯಲ್ಲಿರುವ, ಅಗ್ನಿಯಲ್ಲಿ ಮುಕ್ತಾಯಗೊಳ್ಳುವ ಅಪೂರ್ವ ಪ್ರಸೂತಿ ಸಂಪ್ರದಾಯ.' ಪಕ್ಕದಲ್ಲಿ ನನ್ನ ಹಸಿರು ಗುಡ್ಲಿನ ಫೋಟೊ. ಸೊಪ್ಪು ಬಾಡಿಲ್ಲದ ಗುಡ್ಲಿಗಿಂತ ದೊಡ್ಡ ಸಾಕ್ಷಿ ಬೇಕೇ? ನಾಗಶ್ರೀಗೆ ಫೋನ್ ಮಾಡಿಸಿದೆ. ಆ ಹುಡುಗಿ ಸುಳ್ಳು ಹೇಳಲಿಲ್ಲ.

"ಅಮ್ಮ, ನಿಂತುಹೋಗಿದೆ ಅಂತಲೇ ನಾನು ಬರೆದು ಕಳಿಸಿದ್ದು. ಮೇಲೆ ತಿದ್ದಿದ್ದಾರೆ. ಒಂದೊಂದು ದೇಶ ಇಪ್ಪತ್ತು ಜೀವಂತ ಆಚರಣೆ ಕೊಡಬೇಕಿತ್ತು. ನಮ್ಮಲ್ಲಿ ಹತ್ತೊಂಬತ್ತು ಆಗಿತ್ತು" ಎಂದಳು.

ನಿರ್ದೇಶಕರೇ, ಇಷ್ಟು ದೊಡ್ಡ ದೇಶದಲ್ಲಿ ಒಂದು ಆಚರಣೆ ಕಡಿಮೆ ಬಿತ್ತೇ? ಅದನ್ನು ತುಂಬಿಸಲು ನನ್ನ ಸೊಸೆಯ ಕೂಸು ಸತ್ತ ಜಾಗವೇ ಬೇಕಾಯಿತೇ?

ಪುಸ್ತಕದ ಹಿಂದೆಯೇ ಫಲಕ ಬಂತು, ಗುಡ್ಲಿನ ಸುತ್ತ ತಂತಿಬೇಲಿ ಬಂತು. 'ಸಂರಕ್ಷಿತ ಪರಂಪರೆ. ಹಾನಿ ಮಾಡುವುದು ಶಿಕ್ಷಾರ್ಹ.' ಅದಾದ ವಾರಕ್ಕೆ ಕಾಟಯ್ಯ ಮನೆಗೆ ಬಂದ. ನನ್ನ ಮೈದುನ, ಈಗ ಹಟ್ಟಿಯ ಯಜಮಾನನೂ ಅವನೇ. ಜಗಲಿಯ ಮೇಲೆ ಕೂತು, ತಮ್ಮ ಪುಸ್ತಕವನ್ನು ಟವೆಲ್ಲಿನಿಂದ ಒರೆಸಿ ತೊಡೆಯ ಮೇಲಿಟ್ಟುಕೊಂಡ.

"ಅತ್ತಿಗೆ, ಹುಡುಗಿಗೆ ಯಾವಾಗ ದಿನ?"

"ಆಷಾಢದ ಕೊನೆಗೆ. ಯಾಕಪ್ಪ?"

"ಗುಡ್ಲು ರೆಡಿ ಐತಲ್ಲ, ಅದ್ಕೇ ಕೇಳ್ದೆ."

"ಗುಡ್ಲು ಬಿಟ್ಟು ಇಪ್ಪತ್ನಾಲ್ಕು ವರ್ಷ ಆತು ಕಾಟಯ್ಯ."

"ಬಿಟ್ಟಿದ್ವಿ. ಈಗ ಆರು ದೇಶದೋರು ಅದು ದೊಡ್ಡದು ಅಂತ ಬರೆದವ್ರೆ. ನಾನೇನ್ ಓದಿದೋನಾ? ನೀವು ಓದಿದೋರು, ನೀವೇ ನೋಡ್ರಿ. ಹೆರಿಗೆ ಆಸ್ಪತ್ರೆಲೇ ಆಗ್ಲಿ, ಬ್ಯಾಡ ಅಂದೋರ್ಯಾರು? ಡಿಸ್ಚಾರ್ಜ್ ಆದ್ಮೇಲೆ ಸೀದಾ ಗುಡ್ಲಿಗೆ ಬರ್ಲಿ. ಇಪ್ಪತ್ತೊಂದೇ ದಿನ. ಬೇಕಾದ್ರೆ ಸೋಲಾರ್ ಲೈಟ್ ಹಾಕಿಸ್ತೀನಿ."

"ಹೊನ್ನಕ್ಕನ ಕೂಸು ಏನಾತು ಅಂತ ಮರ್ತ್ಯಾ?"

ಅವನು ಪುಸ್ತಕವನ್ನು ಪಕ್ಕಕ್ಕಿಟ್ಟ. "ಮರ್ತಿಲ್ಲ ಅತ್ತಿಗೆ. ಗುಂಡಿ ತೋಡಿದೋನು ನಾನೇ. ಆದ್ರೆ ಇದುವರ್ಗೂ ನಮ್ಮ ಹಟ್ಟಿಗೆ ಬಂದೋರೆಲ್ಲ ಏನಂದ್ರು? ಹಿಂದುಳಿದೋರು, ಬುದ್ಧಿ ಇಲ್ದೋರು, ಕುರಿ ವಾಸನೆ ಅಂದ್ರು. ಇದೇ ಮೊದ್ಲು ಒಬ್ರು ಬಂದು ನಿಮ್ಮದೂ ಒಂದು ಐತೆ ಅಂದವ್ರೆ. ಅದನ್ನ ನಾನು ಬಿಟ್ಕೊಡಾಕಿಲ್ಲ."

ಆ ಮಾತು ಸುಳ್ಳಲ್ಲ. ಕಾಟಯ್ಯ ಕೆಟ್ಟವನಲ್ಲ. ಅರವತ್ತು ವರ್ಷ ಬೈಸಿಕೊಂಡವನ ಕೈಗೆ ತಾವು ಒಂದು ಬಿರುದು ಕೊಟ್ಟಿರಿ, ಆ ಬಿರುದಿನ ಬೆಲೆಯನ್ನು ಮಾತ್ರ ಒಂದು ಹುಡುಗಿಯ ಮೈಮೇಲೆ ಹಾಕಿದಿರಿ.

ಬಬ್ಬೂರು ಫಾರಂನಲ್ಲಿ ಕೆಲಸ ಮಾಡುವ ನನ್ನ ಮೊಮ್ಮಗ ದಯಾನಂದ, ಹುಟ್ಟಲಿರುವ ಕೂಸಿನ ತಂದೆ, ಬೇರೆಯೇ ಲೆಕ್ಕ ಹೇಳಿದ.

"ಅಜ್ಜಿ, ಗುಡ್ಲು ಬಳಕೇಲೈತಾ ಅಂತ ನೋಡಾಕೆ ಪರಿಶೀಲನೆ ತಂಡ ಬರ್ತೈತಂತೆ, ಅಲ್ಲೀವರ್ಗೂ ಹೂಂ ಅನ್ನಾಣ. ಪಟ್ಟೀಲಿ ಉಳಿದ್ರೆ ಹಟ್ಟಿಗೆ ರಸ್ತೆ ಮಂಜೂರಾಗ್ತೈತಂತೆ. ರಸ್ತೆ ಆದ್ರೆ ಆಂಬುಲೆನ್ಸ್ ಬಾಗಿಲಿಗೇ ಬರ್ತೈತೆ."

"ಬರ್ಲಿ. ಗುಡ್ಲಾಗೆ ಸೀತ ಹತ್ತಿದ ನಿನ್ನ ಕೂಸನ್ನ ಎತ್ಕಂಡ್ ಹೋಗಾಕೆ ಬೇಕಾಗ್ತೈತೆ" ಎಂದೆ. ಅವನು ತಲೆ ತಗ್ಗಿಸಿ ಬೈಕು ಹತ್ತಿದ.

ತವರಿಗೆ ಕಳಿಸಿ ಎನ್ನುವವರಿದ್ದಾರೆ. ಕೀರ್ತನಾಳಿಗೆ ತಾಯಿ ಇಲ್ಲ. ಹೊಸದುರ್ಗದ ಕಡೆಯ ಅವಳ ಅಣ್ಣಂದಿರ ಹಟ್ಟಿಯವರು, ನಮ್ಮಲ್ಲೂ ಗುಡ್ಲು ಇತ್ತು, ನಮ್ಮದನ್ನೂ ಪಟ್ಟಿಗೆ ಸೇರಿಸಿ ಎಂದು ತಮಗೆ ಅರ್ಜಿ ಹಾಕಿದ್ದಾರೆ. ಆ ಅರ್ಜಿಗೆ ತಾವು ಬೇಗ ಉತ್ತರ ಕೊಟ್ಟಿದ್ದೀರಂತೆ. ಹಿರಿಯೂರಲ್ಲಿ ಬಾಡಿಗೆ ಮನೆ ಮಾಡಿ ಎಂದರು ತಮ್ಮ ಜಿಲ್ಲಾ ಶಾಖೆಯ ಗುಮಾಸ್ತರು. ಮಾಡಬಹುದು. ಆದರೆ ನನ್ನ ಮನೆಯಲ್ಲಿ ಒಲೆಯ ಪಕ್ಕದ ಬೆಚ್ಚನೆಯ ಜಾಗ ಖಾಲಿ ಇರುವಾಗ ನಮ್ಮ ಹುಡುಗಿ ಯಾರದೋ ಬಾಡಿಗೆ ಕೋಣೆಯಲ್ಲಿ ಅಡಗಿ ಕೂರುವುದು ಯಾಕೆ? ಅಪರಾಧ ಮಾಡಿದ್ದಾಳೆಯೇ? ಈ ಸಲ ಅವಳು ಅಡಗಿದರೆ ಮುಂದಿನ ಸಲ ಹಟ್ಟಿಯಲ್ಲಿ ಹೆರುವವಳು ಎಲ್ಲಿಗೆ ಹೋಗಬೇಕು?

ಜಿಲ್ಲಾ ಕೇಂದ್ರದಲ್ಲಿರುವ ತಮ್ಮ ಶಾಖೆಗೆ ಎರಡು ಬಸ್ಸು ಬದಲಿಸಿ ಹೋದೆ. ಗುಮಾಸ್ತರು ಸಭ್ಯರು, ಕುರ್ಚಿ ಕೊಟ್ಟರು. "ಅಮ್ಮಾ, ಇದು ಅಂತರರಾಷ್ಟ್ರೀಯ ಪಟ್ಟಿ. ನಾವೊಬ್ರೇ ತೆಗೆಯೋಕೆ ಬರಲ್ಲ. ಉಳಿದ ಐದು ದೇಶ ಒಪ್ಪಬೇಕು" ಎಂದರು. ಹೆತ್ತ ಹೆಂಗಸರನ್ನು ಊರ ಹೊರಗೆ ಇಡುವುದನ್ನು ತಡೆಯುವ ಕಾನೂನು ನಮ್ಮ ರಾಜ್ಯದಲ್ಲೇ ಇದೆಯಲ್ಲ ಎಂದು ಕೇಳಿದೆ. "ಕಾನೂನು ಬೇರೆ ಇಲಾಖೆ, ಪರಂಪರೆ ಬೇರೆ ಇಲಾಖೆ" ಎಂದರು. ಸರಿ, ಐದು ದೇಶಗಳನ್ನೇ ಕೇಳೋಣ ಎಂದು ಕೀರ್ತನಾ ಆ ವಿದ್ವಾಂಸೆಗೆ ಇಮೇಲ್ ಬರೆದಳು. ಒಂಬತ್ತು ದಿನಕ್ಕೆ ಉತ್ತರ ಬಂತು. ಆಕೆಗೆ ತುಂಬ ದುಃಖವಾಗಿದೆಯಂತೆ. ಆದರೆ ಇದು ನಿಮ್ಮ ರಾಷ್ಟ್ರದ ಸಾಂಸ್ಕೃತಿಕ ನೀತಿಯ ವಿಷಯ, ಒಂದು ಸಮುದಾಯ ಏನು ಇಟ್ಟುಕೊಳ್ಳಬೇಕು, ಏನು ಬಿಡಬೇಕು ಎಂದು ಹೊರಗಿನವರಾದ ನಾವು ಹೇಳುವುದು ಹಳೆಯ ಕಾಲದ ದರ್ಪವಾಗುತ್ತದೆ ಎಂದು ಬರೆದಿದ್ದಳು.

"ಒಳ್ಳೇರು ಅಜ್ಜಿ, ಪಾಪ" ಎಂದಳು ಕೀರ್ತನಾ.

ಒಳ್ಳೆಯವರೇ. ಎಲ್ಲರೂ ಒಳ್ಳೆಯವರೇ. ಅವರು ನಮ್ಮನ್ನು ಗೌರವಿಸಿ ಸುಮ್ಮನಿದ್ದಾರೆ, ತಾವು ಅವರನ್ನು ಗೌರವಿಸಿ ಸುಮ್ಮನಿದ್ದೀರಿ, ಕಾಟಯ್ಯ ಇಬ್ಬರನ್ನೂ ಗೌರವಿಸಿ ಗುಡ್ಲಿನ ಮುಂದೆ ಕಸ ಗುಡಿಸಿಸಿದ್ದಾನೆ. ಆರು ದೇಶಗಳ ಸಹಕಾರ ಎಂದರೆ ಇದೇ ಇರಬೇಕು. ಒಬ್ಬರ ಮಾತನ್ನು ಒಬ್ಬರು ಮೀರುವುದಿಲ್ಲ. ಒಳಗೆ ಮಲಗುವವಳನ್ನು ಕೇಳಬೇಕೆಂದು ಮಾತ್ರ ಯಾರ ಒಪ್ಪಂದದಲ್ಲೂ ಬರೆದಿಲ್ಲವೇ? ಬರೆದಿದೆ ಎಂದು ಕೀರ್ತನಾ ತೋರಿಸಿದಳು. ತಮ್ಮದೇ ಕೈಪಿಡಿಯ ಎರಡನೇ ಪುಟದಲ್ಲಿ, ವೈವಿಧ್ಯದ ಹೆಸರು ಹೇಳಿ ಯಾವ ಮನುಷ್ಯರ ಹಕ್ಕನ್ನೂ ಮೊಟಕು ಮಾಡುವಂತಿಲ್ಲ ಎಂಬ ಸಾಲಿದೆ. ಆ ಪುಟವನ್ನು ತಾವು ಓದಿದ್ದೀರೋ, ಅಥವಾ ನಾನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಂತೆ ತಾವೂ ಓದದೆ ಸಹಿ ಹಾಕಿದಿರೋ?

ಆ ಪುಸ್ತಕದಲ್ಲಿ ಉಳಿದ ದೇಶಗಳ ಪುಟಗಳನ್ನೂ ಓದಿಸಿದೆ. ಒಬ್ಬರದು ರೊಟ್ಟಿ, ಒಬ್ಬರದು ಮರದ ದೋಣಿ, ಇನ್ನೊಬ್ಬರದು ಗಂಟೆ ಬಾರಿಸುವುದು. ಓದಲು ಚೆನ್ನಾಗಿವೆ. ಆ ದೇಶಗಳಲ್ಲಿ ಹಿಂದೆ ಹೆಂಗಸರನ್ನು ಎಲ್ಲೆಲ್ಲಿ ಕೂಡಿಹಾಕುತ್ತಿದ್ದರೋ ನನಗೆ ಗೊತ್ತಿಲ್ಲ. ಕೂಡಿಹಾಕುತ್ತಿದ್ದರಂತೂ ಹೌದು, ಎಲ್ಲ ಕಡೆಯೂ ಗಂಡಸರು ಗಂಡಸರೇ. ಅದನ್ನು ಅವರು ಪಟ್ಟಿಗೆ ಕೊಟ್ಟಿಲ್ಲ. ಅವರು ಬಿಟ್ಟದ್ದು ಬಿಟ್ಟದ್ದೇ. ನಾವು ಬಿಟ್ಟದ್ದು ಮಾತ್ರ ನಷ್ಟ. ಇದು ಯಾಕೆ ಹೀಗೆ?

ಮೂರು ದಿನ ಕೂತು ನಲವತ್ತೊಂದು ಹಾಡು ಹಾಡಿದೆವು. ಒಂದೂ ಪಟ್ಟಿಯಲ್ಲಿಲ್ಲ, ಅಂಥವು ಬೇರೆ ಜಿಲ್ಲೆಯಲ್ಲೂ ಇವೆಯಂತೆ. ಬೇಸಿಗೆಯಲ್ಲಿ ಮಾರಿಕಣಿವೆಯ ಹಿನ್ನೀರಿನ ಕಡೆಗೆ ಕುರಿ ಹೊಡೆದುಕೊಂಡು ಹೋಗುವ ದಾರಿ ನಮ್ಮ ಅಜ್ಜಂದಿರ ಕಾಲದ್ದು. ಅದು ಮೂರು ಕಡೆ ಬೇಲಿಗೆ ಸಿಕ್ಕಿದೆ, ಸೋಲಾರ್ ಫಲಕಗಳ ಕೆಳಗೆ ಹೋಗಿದೆ. ಆ ದಾರಿಯನ್ನು ಸಂರಕ್ಷಿಸಿ ಎಂದು ಕಾಟಯ್ಯನೇ ಕೈಮುಗಿದು ಕೇಳಿದ. ದಾರಿ ಆಚರಣೆಯಲ್ಲವಂತೆ, ಅದು ಜಮೀನಂತೆ. ನಮ್ಮನ್ನು ಬದುಕಿಸಿದ್ದೆಲ್ಲ ತಮಗೆ ಸಾಮಾನ್ಯ, ನಮ್ಮ ಕೂಸನ್ನು ಕೊಂದದ್ದು ಮಾತ್ರ ಅಪೂರ್ವ. ಇನ್ನೊಂದು ಮಾತು. ಬಾಣಂತಿಯನ್ನು ಒಳಮನೆಯಲ್ಲಿ ಒಲೆಯ ಪಕ್ಕ ಮಲಗಿಸಿ, ಕೂಸನ್ನು ಎಲ್ಲರೂ ಎತ್ತಿಕೊಳ್ಳುವ ಪದ್ಧತಿಯನ್ನು ನಮ್ಮ ಹೆಂಗಸರು ಇಪ್ಪತ್ನಾಲ್ಕು ವರ್ಷ ಬೈಗುಳ ತಿಂದು ಕಟ್ಟಿದ್ದೇವೆ. ಇದು ಸಂಸ್ಕೃತಿಯಲ್ಲವೇ? ಜೀವಂತವಾಗಿಲ್ಲವೇ? ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲವೇ?

ಆ ಗುಡ್ಲನ್ನು ಸುಟ್ಟುಬಿಟ್ಟರೆ ಮುಗಿಯಿತಲ್ಲ ಎಂದು ಓದುಗರು ಕೇಳಬಹುದು. ಒಂದು ಮಧ್ಯಾಹ್ನ ಬೆಂಕಿಪೊಟ್ಟಣ ಹಿಡಿದು ಹೊರಟೆ. ತಮ್ಮ ಫಲಕದ ಶಿಕ್ಷೆಗೆ ನಾನು ಹೆದರುವವಳಲ್ಲ. ಕೀರ್ತನಾ ಹಿಂದೆಯೇ ಬಂದು ನನ್ನ ಮಣಿಕಟ್ಟು ಹಿಡಿದಳು.

"ಅಜ್ಜಿ, ಬ್ಯಾಡ್ರಿ. ಯಾರೂ ಹೋಗಿ ಬರದ ಗುಡ್ಲು."

"ಬಿ.ಕಾಂ. ಓದಿ ನೀನೂ ನಂಬ್ತೀಯೇನೇ ಇದನ್ನ?"

"ನಂಬಲ್ಲ ಅಜ್ಜಿ. ಆದ್ರೆ ಹೆರೋಳು ನಾನಲ್ವಾ? ನಾಳೆ ಏನಾದ್ರೂ ಒಂದು ಹೆಚ್ಚುಕಡಿಮೆ ಆದ್ರೆ ಎಲ್ರೂ ಈ ಬೆಂಕಿನೇ ತೋರಿಸ್ತಾರೆ." ನನ್ನ ಮಣಿಕಟ್ಟು ಬಿಡದೆ ಹೇಳಿದಳು, "ನಾನೂ ತೋರಿಸ್ತೀನೇನೋ. ನಿಮ್ಮನ್ನ."

ಕಡ್ಡಿಯನ್ನು ಪೊಟ್ಟಣಕ್ಕೆ ವಾಪಸ್ಸು ಹಾಕಿದೆ. ಸತ್ಯ ಹೇಳಬೇಕೆಂದರೆ ಅವಳು ಬರುವ ಮೊದಲೇ ಎರಡು ಸಲ ಕಡ್ಡಿ ತೆಗೆದು, ಗೀರದೆ ಒಳಗೆ ಹಾಕಿದ್ದೆ.

ಹಾಗಾಗಿ ಉಳಿದದ್ದು ಒಂದೇ ದಾರಿ. ಯಾರಾದರೂ ಇಪ್ಪತ್ತೊಂದು ದಿನ ಒಳಗಿದ್ದು ಬಂದರೆ ಕಟ್ಟಳೆಯಂತೆಯೇ ಅದನ್ನು ಸುಡಬಹುದು. ಆರು ದಿನದ ಹಿಂದೆ, ಬೆಳಿಗ್ಗೆ ಕುರಿ ಹೊರಟ ಮೇಲೆ ಕಂಬಳಿ, ತಂಬಿಗೆ, ಫೋನು, ಕನ್ನಡಕ, ಬರೆಯುವ ಪುಸ್ತಕ ತೆಗೆದುಕೊಂಡು ತಂತಿಬೇಲಿ ದಾಟಿ ಗುಡ್ಲಿನೊಳಗೆ ಬಂದು ಕೂತೆ. ಈ ಪತ್ರವನ್ನು ಇಲ್ಲಿಂದಲೇ ಬರೆಯುತ್ತಿದ್ದೇನೆ. ಒಬ್ಬಳು ಒಳಗಿರುವಾಗ ಇನ್ನೊಬ್ಬಳನ್ನು ತರುವಂತಿಲ್ಲ ಎಂಬುದು ನಮ್ಮ ಕಟ್ಟಳೆ, ತಮ್ಮ ಪುಸ್ತಕದಲ್ಲೂ ಅಚ್ಚಾಗಿದೆ. ಕಾಟಯ್ಯ ಓಡಿಬಂದ.

"ಅತ್ತಿಗೆ, ಇದೇನ್ ಹುಡುಗಾಟ? ಹೊರಗ್ ಬರ್ರಿ."

"ಹತ್ತು ಹೆಜ್ಜೆ ದೂರ ನಿಂತ್ಕ. ಮೈಲಿಗೆ ಆದೀತು."

"ನೀವೇನ್ ಹಡ್ದೀರಾ?"

"ಹಡ್ದೀನಿ, ಮೂರು. ಯಾವಾಗ ಹಡ್ದಿರ್ಬೇಕು ಅಂತ ನಿನ್ನ ಪುಸ್ತಕದಾಗೆ ಐತಾ ನೋಡು."

ಅವನು ನಿಜವಾಗಿಯೂ ದಯಾನಂದನನ್ನು ಕರೆಸಿ ಓದಿಸಿದ. ಇರಲಿಲ್ಲ. ಬೇಲಿಯ ಆಚೆಯಿಂದ ರಂಗಕ್ಕ, "ಚಿತ್ತಮ್ಮ, ಈ ಸಲ ಗಂಡಾ ಹೆಣ್ಣಾ?" ಎಂದು ಕೂಗಿದಳು. ಬಹಳ ದಿನದ ಮೇಲೆ ಹಟ್ಟಿಯ ಹೆಂಗಸರೆಲ್ಲ ನಕ್ಕ ಸದ್ದು ಕೇಳಿತು.

ಊಟ ತರುವವಳು ಹೊನ್ನಕ್ಕ. ಮೊದಲ ದಿನ ಕೋಲು ಹಿಡಿದು ಬರುತ್ತಾಳೆಂದುಕೊಂಡಿದ್ದೆ. ಅವಳು ನೇರ ಬಾಗಿಲಿಗೆ ಬಂದು ತಟ್ಟೆಯನ್ನು ನನ್ನ ಕೈಗೇ ಕೊಟ್ಟಳು. ಬೆರಳು ಬೆರಳಿಗೆ ತಾಗಿತು.

"ಮುಟ್ಟಿದ್ಯಲ್ಲೇ" ಎಂದೆ.

"ಮುಟ್ಟಿದೆ ಅತ್ತೆ. ನೀವು ಅವತ್ತು ಮುಟ್ಟಲಿಲ್ಲ" ಎಂದಳು. ಇಪ್ಪತ್ನಾಲ್ಕು ವರ್ಷದಲ್ಲಿ ಆ ವಿಷಯದಲ್ಲಿ ಅವಳು ನನಗೆ ಹೇಳಿದ ಮಾತು ಅದೊಂದೇ. ತಟ್ಟೆ ತೊಳೆಯಲು ತೆಗೆದುಕೊಂಡು ಹೋದಳು.

ಗೆದ್ದೆ ಎಂದುಕೊಂಡಿದ್ದೆ, ನಿರ್ದೇಶಕರೇ. ನಿನ್ನೆ ನಾಗಶ್ರೀ ಫೋನ್ ಮಾಡಿದಳು. ಅವಳ ದನಿ ಸಣ್ಣಗಿತ್ತು. "ಅಮ್ಮ, ನೀವು ಗುಡ್ಲಲ್ಲಿ ಕೂತಿರೋ ವಿಷಯ ಮೇಲಿನವರಿಗೆ ಗೊತ್ತಾಗಿದೆ. ಬಳಕೆಯಲ್ಲಿದೆ ಅಂತ ಬರೆದುಕೊಂಡರು. ಪರಿಶೀಲನೆ ತಂಡ ಬೇಗ ಬರ್ತಾ ಇದೆ, ನೀವು ಹೊರಬರೋದ್ರೊಳಗೆ ಚಿತ್ರೀಕರಣ ಮಾಡ್ಕೊಳ್ಳೋಕೆ" ಎಂದಳು.

ನನ್ನ ಪ್ರತಿಭಟನೆಯೇ ತಮಗೆ ಪುರಾವೆಯಾಯಿತು. ನಾನು ಕೂತರೆ ಆಚರಣೆ ಜೀವಂತ. ಎದ್ದು ಬಂದರೆ ಗುಡ್ಲು ಖಾಲಿ, ಅದು ಕೀರ್ತನಾಳಿಗೆ. ಇನ್ನು ಹದಿನೈದು ದಿನಕ್ಕೆ, ಇಪ್ಪತ್ತೊಂದನೇ ದಿನ, ಕಟ್ಟಳೆಯಂತೆ ಹೊರಬಂದು ಬೆಂಕಿ ಇಟ್ಟರೆ ತಮ್ಮ ಫಲಕದ ಪ್ರಕಾರ ಅಪರಾಧ, ತಮ್ಮ ಪುಸ್ತಕದ ಪ್ರಕಾರ ಅಪೂರ್ವ ಮುಕ್ತಾಯ. ಯಾವುದರ ಪ್ರಕಾರ ನನ್ನನ್ನು ಹಿಡಿಯುತ್ತೀರೋ ತಾವೇ ನಿರ್ಧರಿಸಿ. ಸುಟ್ಟರೂ ಸಂರಕ್ಷಣೆಯ ನಿಯಮದಲ್ಲಿ ಪುನರ್ನಿರ್ಮಾಣಕ್ಕೆ ಅವಕಾಶವಿದೆ ಎಂದು ಗುಮಾಸ್ತರು ಅಂದೇ ಸಮಾಧಾನ ಹೇಳಿದ್ದರು. ನಾನು ಯಾರಿಗೂ ಕಟ್ಟಲು ಕಲಿಸಿಲ್ಲ, ನನ್ನೊಂದಿಗೇ ಮುಗಿಯುತ್ತದೆ ಎಂದುಕೊಂಡಿದ್ದೆ. ಈಗ ನನ್ನ ಬೆರಳು ಹೇಗೆ ಗಂಟು ಹಾಕುತ್ತದೆಂದು ತಮ್ಮ ವಿಡಿಯೋದಲ್ಲಿ ಆರು ದೇಶಗಳು ನೋಡಬಹುದು, ನೋಡಿ ಕಲಿಯಬಹುದು. ಸತ್ತರೂ ನಾನು ಗುಡ್ಲು ಕಟ್ಟುತ್ತಲೇ ಇರುತ್ತೇನೆ.

ಆದ್ದರಿಂದ ಇದು ಬೆಂಕಿಯಿಂದ ಮುಗಿಯುವ ಕೆಲಸವಲ್ಲ, ತಮ್ಮ ಕೈಯಿಂದಲೇ ಆಗಬೇಕು. ಹದಿನಾಲ್ಕನೇ ಸಾಲನ್ನು ಹೊಡೆದುಹಾಕಿ. ಅದರ ಪಕ್ಕದಲ್ಲಿ, ಸೂಜಿಕಲ್ಲಹಟ್ಟಿಯ ಹೆಂಗಸರು ಈ ಆಚರಣೆಯನ್ನು ತಾವಾಗಿಯೇ ನಿಲ್ಲಿಸಿ ಇಪ್ಪತ್ನಾಲ್ಕು ವರ್ಷವಾಯಿತು ಎಂದು ಬರೆಯಿರಿ. ಕನ್ನಡದಲ್ಲಿ ಬರೆಯಿರಿ, ಕಾಟಯ್ಯನಿಗೆ ಓದಿ ಹೇಳಬೇಕು. ನಮ್ಮನ್ನು ಹೊಗಳುವುದಾದರೆ ಆ ನಿಲ್ಲಿಸಿದ್ದಕ್ಕೆ ಹೊಗಳಿ. ಅವನಿಗೆ ಬೇಕಾದ ಗೌರವ ಅದರಲ್ಲೂ ಸಿಗುತ್ತದೆ. ತಂಡದವರು ಬರುವುದಾದರೆ ಕ್ಯಾಮೆರಾ ಬೇಡ, ಆ ಕಾಗದ ತರಲಿ. ಹದಿನೈದು ದಿನವಿದೆ. ಗಾಳಿ ಜೋರಾಗಿದೆ, ಸೊಪ್ಪೆಲ್ಲ ಒಣಗಿ ಉದುರಿ ಗೋಡೆಯಲ್ಲಿ ಸಂದು ಬಿಟ್ಟಿದೆ, ಬೆಳಗಿನ ಜಾವ ನನಗೇ ಹಲ್ಲು ಕಟಕಟ ಎನ್ನುತ್ತದೆ. ನಾನು ಎರಡು ಕಂಬಳಿ ಹೊದ್ದಿದ್ದೇನೆ. ಹುಟ್ಟಲಿರುವ ಕೂಸು ಎರಡೂವರೆ ಕೆಜಿ ಇದ್ದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದಾರೆ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಬಳಕೆಯಲ್ಲಿರುವ,
ಚಿತ್ತಮ್ಮ
ಸಂರಕ್ಷಿತ ಗುಡ್ಲಿನೊಳಗಿಂದ, ಸೂಜಿಕಲ್ಲಹಟ್ಟಿ